ಹಳಿಯ ಸೀಳಿಗೆ ರಬ್ಬರು

ಕೊನೆಯ ಟ್ರಾಮ್ ಡಿಪೋ ಸೇರಿದ ಮೇಲೆ ನಮ್ಮ ಸರದಿ.
ಸೇಂಟ್ ಕಿಲ್ಡಾ ರಸ್ತೆಯಲ್ಲಿ ಮಂಡಿಯೂರಿ
ಹಳಿಯ ಸೀಳಿಗೆ ರಬ್ಬರ್ ಪಟ್ಟಿ ತುರುಕುತ್ತೇವೆ,
ಮರದ ಸುತ್ತಿಗೆಯಲ್ಲಿ ಮೊಟಕುತ್ತೇವೆ.
ಇಡೀ ಮೆಲ್ಬರ್ನ್ ಬಾಯಿ ತೆರೆದು ಮಲಗಿದೆ,
ನಾವು ಅದರ ಹುಳುಕು ಹಲ್ಲು ತುಂಬುವವರು.

'ಎರಡು ಬೆರಳಗಲ,' ಅನ್ನುತ್ತಾನೆ ಸ್ಟಾವ್ರೋಸ್,
'ಅಷ್ಟು ಸಾಕು ಚಕ್ರಕ್ಕೆ.'
ಅವನ ಮೊದಲ ವರ್ಷ, ಇದೇ ತಿರುವಿನಲ್ಲಿ,
ಕಣ್ಣೆದುರೇ ಒಬ್ಬ ಹುಡುಗ ಬಿದ್ದನಂತೆ.
ಆಂಬುಲೆನ್ಸ್ ಹೋದ ಮೇಲೆ ಇವನು
ಟಾರ್ಚ್ ಹಿಡಿದು ಹಳಿಯ ಸಂದಿಯಲ್ಲಿ
ಹುಡುಗನ ಮುಂದಿನ ಹಲ್ಲು ಹುಡುಕಿದನಂತೆ,
ಸಿಕ್ಕಿತಂತೆ,
ಕರವಸ್ತ್ರದಲ್ಲಿ ಸುತ್ತಿ ಆಸ್ಪತ್ರೆಗೆ ಕೊಟ್ಟುಬಂದನಂತೆ.
ಈ ಕತೆ ಪ್ರತಿ ಪಟ್ಟಿಗೂ ಒಮ್ಮೆ ಹೇಳುತ್ತಾನೆ.
ಪ್ರತಿ ಸಲ ಹಲ್ಲು ಬೇರೆ.

ಬೆಳಗಾಯಿತು. ಅವನು ಲಾರಿಯಲ್ಲಿ ಮಲಗಿದ,
ಟೋಪಿ ಮುಖದ ಮೇಲೆ.
ನಾನು ತಡೆಬೇಲಿಗೆ ಮೊಣಕೈ ಊರಿ ನಿಂತೆ.
ನವೆಂಬರ್. ಪ್ಲೇನ್ ಮರಗಳು ಹೊಟ್ಟು ಉದುರಿಸುತ್ತಿದ್ದವು,
ಪೊಲೀಸಿನವಳು ಏಳು ಸಲ ಸೀನಿದಳು,
ಪಕ್ಕದ ಮುದುಕಿ ತನ್ನ ನಾಯಿಗೆ
ರೇಸಿನ ನಿಯಮ ವಿವರಿಸುತ್ತಿದ್ದಳು.

ಹದಿನಾಲ್ಕು ಸುತ್ತು. ಏರಿಲ್ಲ, ಇಳಿಜಾರಿಲ್ಲ,
ಚಪಾತಿ ಲಟ್ಟಿಸುವ ಮಣೆಯಷ್ಟು ಸಪಾಟು.
ಸೋತರೆ ದೂರಲು ಒಂದು ಗುಡ್ಡವೂ ಇಲ್ಲ.
ಇಲ್ಲಿ ಗಾಳಿಯೇ ಗುಡ್ಡ;
ಅದನ್ನು ಯಾರಾದರೊಬ್ಬರು ಹತ್ತಬೇಕು,
ಉಳಿದವರು ಅವರ ಬೆನ್ನಿನ ಮರೆಯಲ್ಲಿ ಬರಬೇಕು.

ಬಂದರು.
ಮೊದಲು ಬಂದದ್ದು ಸದ್ದು:
ಅಪ್ಪ ಅಂಗಡಿಯಲ್ಲಿ ಕೋರಾ ಬಟ್ಟೆಗೆ
ಕತ್ತರಿಯಿಂದ ಒಂದು ಕಚ್ಚು ಕೊಟ್ಟು
ಪರ್ರನೆ ಎಳೆಯುತ್ತಿದ್ದರಲ್ಲ, ಆ ಸದ್ದು,
ನೂರಿಪ್ಪತ್ತು ಹೆಂಗಸರ ಸರಪಳಿಗಳಿಂದ.
ಗಾಳಿ ಕೆನ್ನೆಗೆ ಬಡಿಯಿತು. ಆಮೇಲೆ ಖಾಲಿ ರಸ್ತೆ,
ಒಂದು ನೀರಿನ ಬಾಟಲಿ ಉರುಳುತ್ತ, ಉರುಳುತ್ತ
ಚರಂಡಿಯ ಜಾಲರಿಗೆ ಬಂದು ನಿಂತಿತು.

ಎರಡನೇ ಸುತ್ತು, ಮೂರನೇ ಸುತ್ತು, ಒಂಬತ್ತನೇ ಸುತ್ತು,
ಮುಂದೆ ಅವಳೇ. ನಂಬರ್ ಅರವತ್ತೊಂದು.
ಕರಪತ್ರದಲ್ಲಿ ಹುಡುಕಿದೆ: ಟ್ಯಾಮ್ಸಿನ್ ಪ್ರಾಯರ್, ಬ್ಯಾಲರಾಟ್.
ಬಾಯಿ ಓರೆ, ಕಿವಿಯಿಂದ ಗಲ್ಲಕ್ಕೆ ಉಪ್ಪಿನ ಗೆರೆ.
ಅವಳ ಹಿಂದೆ ಅದೇ ಹಸಿರು ಅಂಗಿಯ ಇನ್ನೊಬ್ಬಳು,
ತಲೆ ತಗ್ಗಿಸಿ, ನೆಮ್ಮದಿಯಾಗಿ,
ಬೆನ್ನಿಗೆ ಕಟ್ಟಿಸಿಕೊಂಡ ಕೂಸಿನಂತೆ.
ನನ್ನ ರಬ್ಬರಿನ ಮೇಲೆ ಪ್ರತಿ ಸುತ್ತೂ
ಮೊದಲು ಉರುಳಿದ್ದು ಪ್ರಾಯರಳ ಚಕ್ರ.
ಒಮ್ಮೆಯೂ ಕೆಳಗೆ ನೋಡಲಿಲ್ಲ.
ನೋಡಿದ್ದರೆ ನನಗೆ ನಾಚಿಕೆಯಾಗುತ್ತಿತ್ತು.

ಕೊನೆಯ ಸುತ್ತು. ಗೆರೆಗೆ ಇನ್ನೂರು ಮೀಟರ್ ಇರುವಾಗ
ಅವಳು ಪಕ್ಕಕ್ಕೆ ಸರಿದಳು.
ಅಷ್ಟೇ. ಯಾರಿಗೋ ಬಾಗಿಲು ತೆರೆದು ಹಿಡಿದಂತೆ.
ಬೆನ್ನಿನ ಕೂಸು ಆ ಬಾಗಿಲಿನಿಂದ ಹಾರಿತು.
ಧ್ವನಿವರ್ಧಕ ಒಂದೇ ಹೆಸರನ್ನು ಕೂಗಿ ಕೂಗಿ
ಗಂಟಲು ಹರಿದುಕೊಂಡಿತು, ನಾಯಿಯೂ ಬೊಗಳಿತು.
ಪ್ರಾಯರ್ ತುಳಿಯುವುದನ್ನು ನಿಲ್ಲಿಸಿದ್ದಳು.
ಸೈಕಲ್ ತಾನಾಗಿ ಉರುಳುತ್ತಿತ್ತು,
ಎಪ್ಪತ್ತು ಜನ ಅವಳ ಪಕ್ಕದಿಂದ ಹಾದುಹೋದರು.
ಅವಳು ಕೈಗವಸಿನಲ್ಲಿ ಮೂಗೊರೆಸಿಕೊಂಡು
ಸೂರ್ಯನನ್ನೊಮ್ಮೆ ನೋಡಿದಳು,
ಗಂಟೆ ಎಷ್ಟಾಯಿತೆಂದು ನೋಡುವವರ ಹಾಗೆ.

ಬೇಲಿ ತೆಗೆಯುವ ಮೊದಲೇ ನಮಗೆ ಅವಸರ.
ಕೊಕ್ಕೆ ಹಾಕಿ ಪಟ್ಟಿ ಕೀಳಬೇಕು, ಟ್ರಾಮ್ ಕಾಯುತ್ತಿದೆ.
ಬಿಸಿಲಿಗೆ ಮೆತ್ತಗಾದ ರಬ್ಬರು ಬರಲೊಲ್ಲದು.
ಸ್ಟಾವ್ರೋಸ್ ಕಣ್ಣುಜ್ಜುತ್ತ ಕೇಳಿದ: 'ಯಾರು ಗೆದ್ದದ್ದು?'
ಅವನ ಜೇಬಿನಲ್ಲೊಂದು ಜಿಡ್ಡುಹಿಡಿದ ಪುಸ್ತಕ,
ಇಪ್ಪತ್ತೊಂಬತ್ತು ವರ್ಷದ ಗೆದ್ದವರು ಸಾಲಾಗಿ.
ಆ ಮೊದಲ ವರ್ಷದ ನಂತರ
ಒಂದು ರೇಸನ್ನೂ ಅವನು ಕಣ್ಣುಬಿಟ್ಟು ನೋಡಿಲ್ಲ.

'ಪ್ರಾಯರ್,' ಅಂದೆ.
ಮತ್ತೊಮ್ಮೆ ಹೇಳಿಸಿದ. ಹೇಳಿದೆ.
ಪೆನ್ಸಿಲ್ ನಾಲಗೆಗೆ ತಾಗಿಸಿ
ತನ್ನ ಗ್ರೀಕ್ ಅಕ್ಷರಗಳಲ್ಲಿ ನಿಧಾನಕ್ಕೆ ಬರೆದುಕೊಂಡ.
ಟ್ರಾಮ್ ಎರಡು ಸಲ ಗಂಟೆ ಬಾರಿಸಿತು.
ನಾವು ದಾರಿ ಬಿಟ್ಟೆವು.